ಅಣ್ಣ ಯಾಕೆ ಬೇರೆ ಕಂಪನಿಯ ಬೈಕ್ ಮುಟ್ಟುವುದಿಲ್ಲ?

ಪ್ರಶ್ನೆ: ನನ್ನ ಅಣ್ಣ ಮೊದಲಿನಿಂದಲೂ ಒಂದೇ ಕಂಪನಿಯ ಬೈಕ್ ಓಡಿಸುತ್ತಿದ್ದಾನೆ. ಈಗಿರುವುದು ಮೂರನೆಯದು. ಆಯಿಲ್ ಸೋರುತ್ತದೆ, ವೈಬ್ರೇಷನ್ ಜಾಸ್ತಿ, ಆಗಾಗ ಬಿಚ್ಚಿ ಜೋಡಿಸುತ್ತಿರುತ್ತಾನೆ. ಆದರೂ ಮುಂದಿನದೂ ಅದೇ ಕಂಪನಿಯದು ಅಂತಾನೆ. ನನ್ನ ಬೈಕ್ ಬೇರೆ ಕಂಪನಿಯದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಆದರೆ ಅಣ್ಣನಿಗಿರುವಂಥ ಪ್ರೀತಿ ನನಗೆ ಅದರ ಮೇಲಿಲ್ಲ. ಇದು ಯಾಕೆ ಹೀಗೆ? ಈಗ ಅದನ್ನು ಮಾರಿ ಹೊಸದು ಕೊಳ್ಳಬೇಕು ಅಂತಿದ್ದೇನೆ. ಕಂಪನಿ ನೋಡಿ ಕೊಳ್ಳಬೇಕಾ, ಗಾಡಿ ನೋಡಿ ಕೊಳ್ಳಬೇಕಾ?

ಉತ್ತರ: ನೀವು ಬರೆದದ್ದರಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ‘ಆಗಾಗ ಬಿಚ್ಚಿ ಜೋಡಿಸುತ್ತಿರುತ್ತಾನೆ’ ಅಂದಿದ್ದೀರಿ. ನೀವು ಅದನ್ನು ದೂರಿನ ಹಾಗೆ ಹೇಳಿದ್ದೀರಿ. ನನ್ನ ಪ್ರಕಾರ ಅಣ್ಣನ ಪ್ರೀತಿಗೆ ಅದೇ ದೊಡ್ಡ ಕಾರಣ.

ಬೈಕ್ ರಿಪೇರಿ ಮಾಡುತ್ತಾ, ಬೈಕ್ ಕೊಳ್ಳುವವರ ಜೊತೆ ಕೂತು ಮಾತಾಡುತ್ತಾ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು: ಜನ ಒಂದು ಕಂಪನಿಯ ಬೈಕ್ ಕೊಳ್ಳುವುದು ಒಂದು ಕಾರಣಕ್ಕೆ, ಅದರಲ್ಲೇ ಉಳಿಯುವುದು ಬೇರೆಯದೇ ಕಾರಣಕ್ಕೆ. ಕೊಳ್ಳುವಾಗಿನ ಕಾರಣ ಸ್ವಲ್ಪ ದಿನಕ್ಕೆ ಮರೆತೇ ಹೋಗಿರುತ್ತದೆ. ಉಳಿಯುವ ಕಾರಣ ಗಾಡಿ ಓಡಿಸುತ್ತಾ, ಅದರ ಮೇಲೆ ಕೈಯಾಡಿಸುತ್ತಾ ನಿಧಾನಕ್ಕೆ ಹುಟ್ಟಿಕೊಳ್ಳುತ್ತದೆ.

ಮೊದಲು ಕೊಳ್ಳುವ ವಿಷಯ ಮುಗಿಸಿಬಿಡೋಣ. ಮೊದಲ ಬೈಕನ್ನು ಪೂರ್ತಿ ತಾನೇ ಯೋಚಿಸಿ ಆರಿಸಿದವರು ಕಡಿಮೆ. ಮನೆಯಲ್ಲಿ ಯಾವುದಿತ್ತು, ಗೆಳೆಯ ಯಾವುದು ಓಡಿಸಲು ಕೊಟ್ಟ, ಕೈಯಲ್ಲಿದ್ದ ದುಡ್ಡಿಗೆ ಯಾವುದು ಸಿಕ್ಕಿತು, ಸೀಟಿನ ಮೇಲೆ ಕೂತಾಗ ಕಾಲು ನೆಲಕ್ಕೆ ಎಟುಕಿತಾ, ಹತ್ತಿರದಲ್ಲಿ ರಿಪೇರಿ ಮಾಡುವವರು ಇದ್ದಾರಾ ಅನ್ನುವುದರಲ್ಲೇ ಅದು ತೀರ್ಮಾನವಾಗಿರುತ್ತದೆ. ಜಾಹೀರಾತಿನ ಪಾಲೂ ಇದೆ. 1959ರಲ್ಲಿ ಹೋಂಡಾ ಅಮೆರಿಕದಲ್ಲಿ ಅಂಗಡಿ ತೆರೆದಾಗ ಅಲ್ಲಿ ಬೈಕ್ ಅಂದರೆ ಪುಂಡರ ಗಾಡಿ ಅನ್ನುವ ಭಾವನೆ ಇತ್ತು. ಹೋಂಡಾ ತನ್ನ ಜಾಹೀರಾತಿನಲ್ಲಿ ವಿದ್ಯಾರ್ಥಿಗಳನ್ನು, ಹೆಂಗಸರನ್ನು, ಸೂಟು ಹಾಕಿಕೊಂಡವರನ್ನು ಪುಟ್ಟ ಗಾಡಿಯ ಮೇಲೆ ಕೂರಿಸಿ ತೋರಿಸಿತು. ಬೈಕ್ ಕೊಳ್ಳುವ ಯೋಚನೆಯೇ ಇಲ್ಲದಿದ್ದವರು ಬಂದು ಕೊಂಡರು. ಆ ಗಾಡಿ 1958ರಲ್ಲಿ ಬಂದ ಸೂಪರ್ ಕಬ್. 2017ರ ಹೊತ್ತಿಗೆ ಅದರ ತಯಾರಿಕೆ 10 ಕೋಟಿ ದಾಟಿತು. ಅಂದರೆ ಗಿರಾಕಿಯನ್ನು ಬಾಗಿಲವರೆಗೆ ಕರೆತರುವುದು ಜಾಹೀರಾತಿಗೆ ಚೆನ್ನಾಗಿ ಗೊತ್ತು. ಮೂರನೇ ಬೈಕ್ ಕೊಳ್ಳುವವರೆಗೆ ಉಳಿಸಿಕೊಳ್ಳುವುದು ಮಾತ್ರ ಅದರಿಂದ ಆಗುವ ಕೆಲಸ ಅಲ್ಲ.

ಉಳಿಯುವುದು ಶುರುವಾಗುವುದು ಕೈಕಾಲಿನಿಂದ.

ಬೈಕ್ ಓಡಿಸುವಾಗ ಎರಡು ಕೈ, ಎರಡು ಕಾಲು ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ. ಅದೆಲ್ಲ ತಲೆಯಿಂದ ಇಳಿದು ಮೈಗೆ ಕೂರಲು ತಿಂಗಳುಗಳೇ ಬೇಕು. ಒಮ್ಮೆ ಕೂತ ಮೇಲೆ ಅದನ್ನು ಬದಲಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಹಿಂದೆ ಬ್ರಿಟನ್ ಮತ್ತು ಇಟಲಿಯ ಬಹಳಷ್ಟು ಬೈಕುಗಳಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಅಮೆರಿಕ ಗೇರ್ ಎಡಗಡೆಯೇ ಇರಬೇಕು ಅಂತ ನಿಯಮ ಮಾಡಿತು. ಅಲ್ಲಿ ಮಾರಬೇಕಾದ ಕಂಪನಿಗಳೆಲ್ಲ ಬದಲಾಯಿಸಿದವು. ಬಲಗಾಲಲ್ಲಿ ಗೇರ್ ಹಾಕಿ ಅಭ್ಯಾಸವಾದವರು ಹೊಸ ಗಾಡಿ ಹತ್ತಿದರೆ ಬ್ರೇಕ್ ಹಿಡಿಯಬೇಕಾದ ಕಡೆ ಗೇರ್ ತುಳಿಯುತ್ತಿದ್ದರು. ಎದುರಿಗೆ ಏನಾದರೂ ಅಡ್ಡ ಬಂದ ಗಳಿಗೆಯಲ್ಲಿ ಮೈ ಹಳೆಯ ಅಭ್ಯಾಸಕ್ಕೇ ಓಡುತ್ತದೆ. ಅಂಥವರು ‘ನನಗೆ ನನ್ನ ಹಳೇ ಗಾಡಿಯೇ ಸರಿ’ ಅಂದರೆ ಅದು ಹಟ ಅಲ್ಲ, ಜೀವದ ಎಚ್ಚರ.

ಈಗ ಗೇರು, ಬ್ರೇಕು ಎಲ್ಲ ಕಡೆ ಒಂದೇ. ಆದರೂ ಸಣ್ಣ ಸಣ್ಣ ವ್ಯತ್ಯಾಸ ಉಳಿದಿವೆ. 2010ರಲ್ಲಿ ಬಂದ ಹೋಂಡಾ ವಿಎಫ್‌ಆರ್ 1200ಎಫ್‌ನಲ್ಲಿ ಹಾರ್ನ್ ಮತ್ತು ಇಂಡಿಕೇಟರ್ ಸ್ವಿಚ್ ಜಾಗ ಅದಲು ಬದಲಾದವು. ಹೆಬ್ಬೆರಳು ಎಂದಿನಂತೆ ಇಂಡಿಕೇಟರ್ ಇರುವ ಕಡೆ ಹೋದರೆ ಹಾರ್ನ್ ಹೊಡೆಯುತ್ತದೆ. ಹಾರ್ಲಿ-ಡೇವಿಡ್‌ಸನ್ ಬೈಕುಗಳಲ್ಲಿ ಸಾಮಾನ್ಯವಾಗಿ ಎಡಕ್ಕೆ ತಿರುಗುವ ಇಂಡಿಕೇಟರಿಗೆ ಎಡಗೈಯ ಹತ್ತಿರ ಒಂದು ಬಟನ್, ಬಲಕ್ಕೆ ಬಲಗೈಯ ಹತ್ತಿರ ಇನ್ನೊಂದು. ಬಿಎಂಡಬ್ಲ್ಯುವಿನಲ್ಲೂ ಬಹಳ ಕಾಲ ಹಾಗೇ ಇತ್ತು. ಹೊಸಬರಿಗೆ ಇದು ವಿಚಿತ್ರ. ಅದರಲ್ಲೇ ಪಳಗಿದವರಿಗೆ ಬೇರೆಯದೇ ವಿಚಿತ್ರ. ಯಾರೂ ‘ನಾನು ಸ್ವಿಚ್ಚಿಗೋಸ್ಕರ ಈ ಕಂಪನಿಯಲ್ಲಿದ್ದೇನೆ’ ಅನ್ನುವುದಿಲ್ಲ. ‘ಆ ಗಾಡಿ ಯಾಕೋ ನನಗೆ ಹೊಂದಲಿಲ್ಲ’ ಅನ್ನುತ್ತಾರೆ, ಅಷ್ಟೇ.

ಇದಕ್ಕಿಂತ ಆಳದ್ದು ಎಂಜಿನ್ನಿನ ಮಿಡಿತ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಹೇಳಿದ ‘ವೈಬ್ರೇಷನ್ ಜಾಸ್ತಿ’ ಇಲ್ಲಿಗೆ ಸೇರಿದ ಮಾತು.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಿದಾಗ ಒಂದೊಂದು ಸಿಲಿಂಡರ್ ಒಂದೊಂದು ಸಲ ಉರಿಯುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರ್ ಇರುವ ಸಾಮಾನ್ಯ ಎಂಜಿನ್ನಿನಲ್ಲಿ ಪ್ರತಿ 180 ಡಿಗ್ರಿಗೆ ಒಂದು ಹೊಡೆತ. ಎಲ್ಲ ಸಮ ಅಂತರ. ಅದಕ್ಕೇ ಅದು ನುಣುಪಾಗಿ ಗುಂಯ್‌ಗುಡುತ್ತದೆ. ಹಾರ್ಲಿಯ ಹೆಸರುವಾಸಿ ವಿ-ಟ್ವಿನ್ ಹಾಗಲ್ಲ. ಎರಡು ಸಿಲಿಂಡರ್ ನಡುವೆ 45 ಡಿಗ್ರಿ ಕೋನ, ಎರಡು ಪಿಸ್ಟನ್ನಿನ ರಾಡ್‌ಗಳೂ ಒಂದೇ ಪಿನ್ನಿಗೆ ಕೂತಿರುತ್ತವೆ. ಹಾಗಾಗಿ ಒಂದು ಹೊಡೆತವಾಗಿ 315 ಡಿಗ್ರಿಗೆ ಇನ್ನೊಂದು, ಆಮೇಲೆ 405 ಡಿಗ್ರಿ ಖಾಲಿ. ಹತ್ತಿರ ಹತ್ತಿರ ಎರಡು ಏಟು, ಆಮೇಲೆ ಒಂದು ಉಸಿರು ಎಳೆದುಕೊಂಡಂಥ ಬಿಡುವು. ಐಡಲ್‌ನಲ್ಲಿ ನಿಂತಿರುವಾಗ ಆ ಕುಂಟು ಲಯ ಸೀಟಿನಿಂದ ಬೆನ್ನಿಗೆ ಹತ್ತುತ್ತದೆ. ಈ ಸದ್ದಿನ ಬೆಲೆ ಕಂಪನಿಗೂ ಗೊತ್ತಿತ್ತು. 1994ರಲ್ಲಿ ಆ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿತು. ಬೇರೆ ತಯಾರಕರು ಆಕ್ಷೇಪ ಎತ್ತಿದರು, ವರ್ಷಗಟ್ಟಲೆ ಎಳೆದಾಟವಾಯಿತು, 2000ದಲ್ಲಿ ಅರ್ಜಿ ವಾಪಸ್ ತೆಗೆದುಕೊಂಡಿತು.

ಇಂಥ ಮಿಡಿತ ಕಂಪನಿಯಿಂದ ಕಂಪನಿಗೆ ಬೇರೆ. ಡುಕಾಟಿಯ 90 ಡಿಗ್ರಿ ಟ್ವಿನ್ 270, ಆಮೇಲೆ 450 ಡಿಗ್ರಿಗೆ ಉರಿಯುತ್ತದೆ. ಬಿಎಂಡಬ್ಲ್ಯುವಿನ ಬಾಕ್ಸರ್ ಎಂಜಿನ್ನಿನಲ್ಲಿ ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿರುತ್ತವೆ, ಕ್ರ್ಯಾಂಕ್ ಬೈಕಿನ ಉದ್ದಕ್ಕೆ ಇರುತ್ತದೆ. ನಿಂತ ಜಾಗದಲ್ಲೇ ಆಕ್ಸಿಲರೇಟರ್ ತಿರುಗಿಸಿದರೆ ಇಡೀ ಗಾಡಿ ಒಂದು ಪಕ್ಕಕ್ಕೆ ಸಣ್ಣಗೆ ವಾಲಿ ಮತ್ತೆ ನೆಟ್ಟಗಾಗುತ್ತದೆ. ಹೊಸಬರು ಗಾಬರಿಯಾಗುತ್ತಾರೆ. ಹಳಬರು ಅದಿಲ್ಲದಿದ್ದರೆ ಏನೋ ಕಳೆದುಹೋಯಿತು ಅನ್ನುತ್ತಾರೆ.

ನಿಮ್ಮ ಅಣ್ಣನಿಗೆ ವೈಬ್ರೇಷನ್ ಗೊತ್ತಾಗುವುದಿಲ್ಲ ಅಂತಲ್ಲ. ಅವರಿಗೆ ಅದು ಸುದ್ದಿ. ಯಾವ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ, ಯಾವಾಗ ಫುಟ್‌ರೆಸ್ಟ್ ನಡುಗುತ್ತದೆ, ಇವತ್ತು ನಡುಕ ಎಂದಿನಂತಿದೆಯಾ, ಚೈನ್ ಸಡಿಲವಾಗಿದೆಯಾ ಅನ್ನುವುದನ್ನೆಲ್ಲ ಅವರು ಮೀಟರ್ ನೋಡದೆ ಓದುತ್ತಾರೆ. ಬೇರೆ ಕಂಪನಿಯ ನುಣುಪಾದ ಗಾಡಿ ಹತ್ತಿದರೆ ಆ ಸುದ್ದಿ ನಿಂತುಹೋಗುತ್ತದೆ. ‘ಜೀವವೇ ಇಲ್ಲ ಈ ಬೈಕಿಗೆ’ ಅನ್ನುವ ಮಾತು ಹುಟ್ಟುವುದು ಅಲ್ಲಿ.

ಈಗ ರಿಪೇರಿಯ ಮಾತಿಗೆ ಬರುತ್ತೇನೆ.

ಟ್ಯಾಪೆಟ್ ಹೊಂದಿಸುವುದನ್ನೇ, ಅಂದರೆ ಎಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ಸರಿಮಾಡುವುದನ್ನೇ ತೆಗೆದುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ ಬಿಚ್ಚಿ, ಪಿಸ್ಟನ್ ಮೇಲಕ್ಕೆ ಬಂದು ಎರಡೂ ವಾಲ್ವ್ ಮುಚ್ಚಿರುವ ಜಾಗಕ್ಕೆ ಕ್ರ್ಯಾಂಕ್ ತಿರುಗಿಸಬೇಕು. ಆಮೇಲೆ ಫೀಲರ್ ಗೇಜ್ ಅನ್ನುವ ಕೂದಲೆಳೆಯಷ್ಟು ತೆಳ್ಳಗಿನ ಲೋಹದ ಪಟ್ಟಿಯನ್ನು ಆ ಸಂದಿಗೆ ತೂರಿಸಬೇಕು. ಅದು ಸಲೀಸಾಗಿ ಜಾರಿದರೆ ಸಂದು ಜಾಸ್ತಿ, ಹೋಗಲೇ ಇಲ್ಲ ಅಂದರೆ ಕಡಿಮೆ. ಎಳೆದಾಗ ಸಣ್ಣಗೆ ಹಿಡಿದಂತಾಗಬೇಕು. ಆ ಹಿಡಿತ ಎಷ್ಟು ಅನ್ನುವುದನ್ನು ಮ್ಯಾನುಯಲ್ ಹೇಳಿಕೊಡಲಾರದು, ಬೆರಳೇ ಕಲಿಯಬೇಕು. ಹೊಂದಿಸಿ ಲಾಕ್ ನಟ್ ಬಿಗಿಮಾಡುವಾಗ ಸ್ಕ್ರೂ ಒಂದಿಷ್ಟು ತಿರುಗಿಬಿಡುತ್ತದೆ, ಮತ್ತೆ ಮೊದಲಿನಿಂದ. ಕೊನೆಗೆ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ ಕಿವಿ ಕೊಟ್ಟಾಗ ಟಕಟಕ ಸದ್ದು ಹದಕ್ಕೆ ಬಂದಿದ್ದರೆ ಆಗುವ ಸಮಾಧಾನವೇ ಬೇರೆ. ಮೊದಲ ಸಲ ಇದನ್ನು ಮಾಡಿದವರ ಮುಖ ನಾನು ನೋಡಿದ್ದೇನೆ. ಅಲ್ಲಿಯವರೆಗೆ ಅದು ಅವರು ಕೊಂಡ ಬೈಕ್. ಆಮೇಲೆ ಅವರಿಗೆ ಗೊತ್ತಿರುವ ಬೈಕ್.

ಹೀಗೆ ಕಲಿತದ್ದು ಒಂದು ಕಂಪನಿಗೆ ಅಂಟಿಕೊಂಡಿರುತ್ತದೆ. ಯಾವ ಬೋಲ್ಟ್ ಬೇಗ ಸಡಿಲವಾಗುತ್ತದೆ, ಯಾವ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ತೆಳು ಹಾಳೆ) ಮೊದಲು ಸೋರುತ್ತದೆ, ಯಾವ ಪಾರ್ಟ್ ಕಂಪನಿಯದೇ ಬೇಕು, ಯಾವುದಕ್ಕೆ ಹೊರಗಿನದು ನಡೆಯುತ್ತದೆ ಅನ್ನುವುದನ್ನೆಲ್ಲ ಅಣ್ಣ ಮೂರು ಗಾಡಿಯಲ್ಲಿ ಕಲಿತಿದ್ದಾರೆ. ಅವರ ಸ್ಪ್ಯಾನರ್ ಸೆಟ್ಟು, ಪುಲ್ಲರ್, ಮಿಕ್ಕ ಬಿಡಿಭಾಗದ ಡಬ್ಬಿ ಎಲ್ಲ ಅದಕ್ಕೆ ಹೊಂದುವಂಥವು. ಬೇರೆ ಕಂಪನಿಗೆ ಹೋದರೆ ಇದೆಲ್ಲ ಒಂದೇ ದಿನದಲ್ಲಿ ಅರ್ಧ ಬೆಲೆಗೆ ಇಳಿಯುತ್ತದೆ. ಹೊರಗಿನವರಿಗೆ ಅದು ಬರೀ ನಿಷ್ಠೆಯಾಗಿ ಕಾಣುತ್ತದೆ. ಒಳಗೆ ಗಟ್ಟಿ ಲೆಕ್ಕಾಚಾರವೂ ಇದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ತೊಂದರೆ ಕೊಡುವ ಗಾಡಿಯೆಲ್ಲ ಪ್ರೀತಿ ಹುಟ್ಟಿಸುವುದಿಲ್ಲ. ಸೋರುವ ಗ್ಯಾಸ್ಕೆಟ್ಟನ್ನು ಭಾನುವಾರ ಕೂತು ಬದಲಿಸಬಹುದು. ಡಿಸ್‌ಪ್ಲೇನಲ್ಲಿ ಕೆಂಪು ದೀಪ ಹತ್ತಿ, ಅದು ಏನೆಂದು ತಿಳಿಯಲು ಡೀಲರ್ ಹತ್ತಿರದ ಕಂಪ್ಯೂಟರೇ ಬೇಕು, ಪಾರ್ಟ್ ಬರಲು ಎರಡು ತಿಂಗಳು ಅಂದಾಗ ಸವಾರನಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಕೈಗೆ ಸಿಗುವ ತೊಂದರೆ ಗಾಡಿಯನ್ನು ಹತ್ತಿರ ತರುತ್ತದೆ. ಕೈಗೆ ಸಿಗದ ತೊಂದರೆ ಮನಸ್ಸು ಮುರಿಯುತ್ತದೆ. ಒಂದೇ ಕಂಪನಿಯಲ್ಲಿ ವರ್ಷಾನುಗಟ್ಟಲೆ ಇದ್ದವರು ಬಿಟ್ಟುಹೋಗುವುದನ್ನು ನಾನು ನೋಡಿದ್ದು ಬಹುಪಾಲು ಎರಡನೆಯ ಥರದ ತೊಂದರೆಯಿಂದ. ಅದಕ್ಕೂ ಹೆಚ್ಚಾಗಿ, ‘ಇದು ನಿಮ್ಮ ತಪ್ಪು’ ಅನ್ನುವ ಥರದ ಉತ್ತರದಿಂದ.

ಹಾರ್ಲಿಯ ಕಥೆಯಲ್ಲಿ ಇದೆಲ್ಲ ಕಾಣುತ್ತದೆ. 1969ರಲ್ಲಿ ಎಎಂಎಫ್ ಎಂಬ ದೊಡ್ಡ ಕಂಪನಿ ಅದನ್ನು ತೆಗೆದುಕೊಂಡಿತು. ತಯಾರಿಕೆ ಏರಿಸಿದರು, ಗುಣಮಟ್ಟ ಕುಸಿಯಿತು. ಆಯಿಲ್ ಸೋರಿಕೆ ಮಾಮೂಲಾಯಿತು. ಎಷ್ಟೋ ಜನ ಬಿಟ್ಟುಹೋದರು. ಉಳಿದವರು ತಾವೇ ಬಿಚ್ಚಿ ಸರಿಮಾಡಿಕೊಂಡು ಓಡಿಸಿದರು. ಆ ಎಂಜಿನ್ ಅಂಗಳದಲ್ಲಿ ಕೂತು ಬಿಚ್ಚುವಂಥದ್ದು ಆಗಿದ್ದರಿಂದ ಅದು ಸಾಧ್ಯವಾಯಿತು. 1981ರಲ್ಲಿ ಕಂಪನಿಯದೇ 13 ಜನ ಅಧಿಕಾರಿಗಳು ಸೇರಿ ಅದನ್ನು ವಾಪಸ್ ಕೊಂಡರು. 1983ರಲ್ಲಿ ಮಾಲೀಕರ ಸಂಘ ಕಟ್ಟಿದರು, ಹಾಗ್ ಅಂತ ಅದಕ್ಕೆ ಹೆಸರು. ಅದೇ ವರ್ಷ ಅಮೆರಿಕ ಸರ್ಕಾರ ಹೊರಗಿನಿಂದ ಬರುವ 700 ಸಿಸಿಗಿಂತ ದೊಡ್ಡ ಬೈಕುಗಳ ಮೇಲೆ ಭಾರೀ ಸುಂಕ ಹಾಕಿ ಉಸಿರಾಡಲು ಬಿಟ್ಟಿತು. ಮರುವರ್ಷ ಹೊಸ ಅಲ್ಯೂಮಿನಿಯಂ ಎಂಜಿನ್ ಬಂತು, ಸೋರಿಕೆ ಕಮ್ಮಿಯಾಯಿತು. ನಿಷ್ಠೆಯಿಂದಲೇ ಹಾರ್ಲಿ ಉಳಿಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಷ್ಠೆ ಅದಕ್ಕೆ ಸ್ವಲ್ಪ ಸಮಯ ಕೊಡಿಸಿತು. ಆ ಸಮಯದಲ್ಲಿ ಗಾಡಿ ಸರಿಮಾಡಿದ್ದರಿಂದ ಉಳಿಯಿತು.

ಸರಿಮಾಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ ಸಾಕ್ಷಿ. ಬಿಎಸ್‌ಎ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬೈಕ್ ತಯಾರಕರಲ್ಲಿ ಒಂದು. ಟ್ರಯಂಫ್, ನಾರ್ಟನ್‌ಗಳಿಗೆ ಪ್ರಾಣ ಬಿಡುವ ಅಭಿಮಾನಿಗಳಿದ್ದರು. 1969ರಲ್ಲಿ ಹೋಂಡಾ ಸಿಬಿ 750 ಬಂತು. ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಬಟನ್ ಒತ್ತಿದರೆ ಸ್ಟಾರ್ಟ್, ಕೆಳಗೆ ಎಣ್ಣೆಯ ಕಲೆ ಇಲ್ಲ. ಅಪ್ಪಂದಿರ ನಿಷ್ಠೆ ಮಕ್ಕಳಿಗೆ ಇಳಿಯಲಿಲ್ಲ. 1973ರ ಹೊತ್ತಿಗೆ ಬಿಎಸ್‌ಎ ತನ್ನ ಸ್ವಂತ ಕಾಲ ಮೇಲೆ ನಿಲ್ಲಲಾಗದೆ ಬೇರೆ ಕಂಪನಿಗಳ ಜೊತೆ ಸೇರಿಹೋಯಿತು. 1983ರಲ್ಲಿ ಟ್ರಯಂಫ್‌ನ ಮೆರಿಡೆನ್ ಕಾರ್ಖಾನೆಯೂ ಮುಚ್ಚಿತು.

ಹಾಗಂತ ಅಭಿಮಾನಿಗಳಿಗೆ ಬಲ ಇಲ್ಲ ಅಂದುಕೊಳ್ಳಬೇಡಿ. ಕೆಲವು ಸಲ ಅವರು ಕಂಪನಿಯ ತೀರ್ಮಾನವನ್ನೇ ತಿರುಗಿಸಿದ್ದಾರೆ. ಬಿಎಂಡಬ್ಲ್ಯುವಿನ ಮೊದಲ ಬೈಕ್, 1923ರ ಆರ್ 32, ಬಾಕ್ಸರ್ ಎಂಜಿನ್ನಿನದು. 60 ವರ್ಷದ ಮೇಲೆ, 1983ರಲ್ಲಿ, ಕಂಪನಿ ಕೆ 100 ಅನ್ನುವ ನಾಲ್ಕು ಸಿಲಿಂಡರ್ ಗಾಡಿ ತಂದಿತು. ಬಾಕ್ಸರ್ ಇನ್ನು ಸಾಕು, ಮುಂದಿನ ಕಾಲ ಇದರದ್ದೇ ಅನ್ನುವುದು ಅವರ ಯೋಚನೆ. ಸವಾರರು ಬಿಡಲಿಲ್ಲ. ಬಾಕ್ಸರನ್ನೇ ಕೇಳಿದರು, ಬಾಕ್ಸರನ್ನೇ ಕೊಂಡರು. ಕಂಪನಿ ಹಿಂದೆ ಸರಿದು, 1993ರಲ್ಲಿ ಪೂರ್ತಿ ಹೊಸ ಬಾಕ್ಸರ್ ಎಂಜಿನ್ ಮಾಡಿಕೊಟ್ಟಿತು. ಇವತ್ತಿಗೂ ಆ ಕಂಪನಿಯ ಮುಖ ಅದೇ.

ಡುಕಾಟಿಯ 999ರದ್ದು ನನಗೆ ಇನ್ನೂ ಕುತೂಹಲದ ಪ್ರಸಂಗ. 1994ರ 916 ಬೈಕನ್ನು ಜನ ಸುಂದರ ಅಂತ ತಲೆ ಮೇಲೆ ಹೊತ್ತುಕೊಂಡಿದ್ದರು. ಅಕ್ಕಪಕ್ಕ ಎರಡು ಹೆಡ್‌ಲೈಟ್, ಹಿಂದಿನ ಚಕ್ರ ಹಿಡಿಯಲು ಒಂದೇ ಪಕ್ಕದ ತೋಳು. ಅದರ ಜಾಗಕ್ಕೆ ಬಂದ 999ರಲ್ಲಿ ಹೆಡ್‌ಲೈಟ್ ಒಂದರ ಮೇಲೊಂದು, ಹಿಂದೆ ಎರಡು ಪಕ್ಕದ ತೋಳು. ಓಡಿಸಲು ಅದು ಹೆಚ್ಚು ಒಳ್ಳೆಯ ಗಾಡಿ. 2003, 2004, 2006ರಲ್ಲಿ ಸೂಪರ್‌ಬೈಕ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಆದರೂ ಡುಕಾಟಿ ಅಭಿಮಾನಿಗಳೇ ಅದನ್ನು ಒಪ್ಪಲಿಲ್ಲ. 2007ರ 1098ರಲ್ಲಿ ಹೆಡ್‌ಲೈಟ್ ಮತ್ತೆ ಅಕ್ಕಪಕ್ಕ ಬಂತು, ಒಂದೇ ಪಕ್ಕದ ತೋಳೂ ಬಂತು. ಇದರಿಂದ ನನಗೆ ಅರ್ಥವಾದದ್ದು ಇದು: ಅಭಿಮಾನಿಗಳ ತಲೆಯಲ್ಲಿ ಕಂಪನಿಯ ಒಂದು ಚಿತ್ರ ಇರುತ್ತದೆ. ಅವರು ನಿಷ್ಠರಾಗಿರುವುದು ಆ ಚಿತ್ರಕ್ಕೆ. ಕಂಪನಿಯೇ ಅದರಿಂದ ಆಚೆ ಹೋದರೆ ಕಂಪನಿಯನ್ನೂ ಬಯ್ಯುತ್ತಾರೆ. ಆಮೇಲೆ ಮರುಹುಟ್ಟು ಪಡೆದ ಟ್ರಯಂಫ್ ತನ್ನ ಬೋನೆವಿಲ್‌ಗೆ ಫ್ಯೂಯೆಲ್ ಇಂಜೆಕ್ಷನ್ ಹಾಕಿದಾಗ, ಆ ಹೊಸ ಭಾಗಗಳನ್ನು, ಮೊದಲು ಪೆಟ್ರೋಲು ಗಾಳಿ ಬೆರೆಸುತ್ತಿದ್ದ ಹಳೇ ಕಾರ್ಬ್ಯುರೇಟರ್ ಥರ ಕಾಣುವ ಹಾಗೆ ಮಾಡಿದ್ದೂ ಇದೇ ಭಯಕ್ಕೆ. ಕೆಲವರು ಅದನ್ನು ವೇಷ ಅಂದರು. ನನಗೆ ಅದು ಸವಾರರ ಮನಸ್ಸಿಗೆ ಕೊಟ್ಟ ಮರ್ಯಾದೆ ಅನಿಸುತ್ತದೆ.

ಇನ್ನು ಜನರ ವಿಷಯ. ಜಾನ್ ಶೌಟೆನ್ ಮತ್ತು ಜೇಮ್ಸ್ ಮೆಕ್‌ಅಲೆಕ್ಸಾಂಡರ್ ಅನ್ನುವ ಇಬ್ಬರು ಸಂಶೋಧಕರು ಮೂರು ವರ್ಷ ಹಾರ್ಲಿ ಸವಾರರ ನಡುವೆಯೇ ಓಡಾಡಿ, 1995ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಒಂದು ವಸ್ತುವಿನ ಸುತ್ತ ಒಂದು ಪುಟ್ಟ ಸಮಾಜವೇ ಬೆಳೆಯುತ್ತದೆ, ಅದರಲ್ಲಿ ಹೊಸಬರು, ಹಳಬರು, ಅವರವರ ಸ್ಥಾನ, ರೀತಿನೀತಿ ಎಲ್ಲ ಇರುತ್ತದೆ ಅಂತ ತೋರಿಸಿದರು. 2001ರಲ್ಲಿ ಮುನೀಜ್ ಮತ್ತು ಓಗುಯಿನ್ ಅನ್ನುವ ಇನ್ನಿಬ್ಬರು ಇಂಥ ಗುಂಪುಗಳ ಲಕ್ಷಣ ಪಟ್ಟಿಮಾಡಿದರು. ‘ನಾವು’ ಅನ್ನುವ ಭಾವ ಮತ್ತು ತಮ್ಮದೇ ಪದ್ಧತಿಗಳು ಎಲ್ಲರಿಗೂ ಹೊಳೆಯುವಂಥವು. ಮೂರನೆಯದು ನನಗೆ ಮುಖ್ಯ: ಒಬ್ಬರಿಗೊಬ್ಬರು ನೆರವಾಗಬೇಕು ಅನ್ನುವ ಹೊಣೆ.

ದಾರಿಯಲ್ಲಿ ಗಾಡಿ ನಿಲ್ಲಿಸಿ ಸೀಟು ಬಿಚ್ಚಿ ಕೂತಿದ್ದರೆ ಅದೇ ಕಂಪನಿಯ ಬೈಕಿನವನು ಹೋಗುತ್ತಿದ್ದರೆ ನಿಲ್ಲಿಸುತ್ತಾನೆ. ಸುಮ್ನೆ ಕನಿಕರಕ್ಕಲ್ಲ, ಅವನಿಗೆ ಆ ರೋಗ ಗೊತ್ತು. ‘ಕಾಯಿಲ್ ಬಿಸಿಯಾಗಿರುತ್ತೆ, ಸ್ವಲ್ಪ ಹೊತ್ತು ಬಿಡಿ’ ಅಂತಾನೆ. ಬ್ಯಾಗಿನಲ್ಲಿ ಸ್ಪೇರ್ ಕ್ಲಚ್ ಕೇಬಲ್ ಇರುತ್ತದೆ, ಕೊಟ್ಟು ಹೋಗುತ್ತಾನೆ. ಅಣ್ಣನಿಗೆ ಹೀಗೆ ಎಷ್ಟು ಜನ ಪರಿಚಯವಾಗಿರಬಹುದು, ಕೇಳಿ ನೋಡಿ. ಬೈಕ್ ಬದಲಿಸಿದರೆ ಅವರ್ಯಾರೂ ಮುಖ ತಿರುಗಿಸುವುದಿಲ್ಲ. ಆದರೆ ಮಾತಿನ ವಿಷಯ ಕಳೆದುಹೋಗುತ್ತದೆ, ಭೇಟಿಗಳು ಕಮ್ಮಿಯಾಗುತ್ತವೆ. ಬಿಡಲು ಆಗದಿರುವುದರಲ್ಲಿ ಇದರ ಪಾಲು ಅವರು ಒಪ್ಪಿಕೊಳ್ಳುವುದಕ್ಕಿಂತ ಜಾಸ್ತಿ ಇರಬಹುದು.

ದುಡ್ಡು ಸುರಿದ ಮೇಲೆ ಮನಸ್ಸು ತನ್ನ ಆಯ್ಕೆಯನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ ಅನ್ನುವ ವಾದವೂ ಇದೆ. ಲಿಯಾನ್ ಫೆಸ್ಟಿಂಗರ್ ಅನ್ನುವ ಮನೋವಿಜ್ಞಾನಿ 1957ರಲ್ಲೇ ಇದರ ಬುಡ ವಿವರಿಸಿದ್ದರು. ನಾವು ಮಾಡಿದ್ದಕ್ಕೂ ನಾವು ನಂಬಿದ್ದಕ್ಕೂ ತಾಳೆಯಾಗದಿದ್ದರೆ ಮನಸ್ಸಿಗೆ ಇರಿಸುಮುರಿಸು. ಅದನ್ನು ಕಳೆಯಲು ನಂಬಿಕೆಯನ್ನೇ ಬದಲಿಸಿಕೊಳ್ಳುತ್ತೇವೆ. ಹೊಸ ಬೈಕಿನ ಮೊದಲ ಕೆಲವು ತಿಂಗಳಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ. ಮೂರು ಗಾಡಿ ಸವೆಸಿದ ಮನುಷ್ಯನಿಗೆ ಇದೊಂದೇ ಕಾರಣ ಅಂದರೆ ಅವರ ಅನುಭವಕ್ಕೆ ಅನ್ಯಾಯ ಮಾಡಿದ ಹಾಗೆ.

ಈಗ ನಿಮ್ಮ ವಿಷಯ. ನಿಮಗೆ ನಿಮ್ಮ ಬೈಕಿನ ಮೇಲೆ ಅಂಥ ಪ್ರೀತಿ ಇಲ್ಲದಿರುವುದು ಕೊರತೆ ಅಲ್ಲ. ಬಹುಪಾಲು ಸವಾರರು ನಿಮ್ಮ ಥರವೇ. ಯಾವ ವಸ್ತುವಿನ ಮಾರುಕಟ್ಟೆ ನೋಡಿದರೂ ಒಂದೇ ಕಂಪನಿಗೆ ಕಟ್ಟುಬಿದ್ದವರು ಕಡಿಮೆ, ಎರಡು ಮೂರು ಕಂಪನಿಗಳ ನಡುವೆ ಓಡಾಡುವವರೇ ಜಾಸ್ತಿ. ಅಷ್ಟೇ ಅಲ್ಲ, ಹೆಚ್ಚು ಗಿರಾಕಿಗಳಿರುವ ಕಂಪನಿಗೇ ಮತ್ತೆ ಬಂದು ಕೊಳ್ಳುವವರ ಪ್ರಮಾಣವೂ ಸಾಮಾನ್ಯವಾಗಿ ಸ್ವಲ್ಪ ಹೆಚ್ಚಿರುತ್ತದೆ ಅನ್ನುವುದನ್ನು ಆಂಡ್ರ್ಯೂ ಎಹ್ರೆನ್‌ಬರ್ಗ್ ಮತ್ತು ಜೊತೆಗಾರರು ಬಗೆಬಗೆಯ ವಸ್ತುಗಳಲ್ಲಿ ತೋರಿಸಿದ್ದಾರೆ. ಹಾಗಾಗಿ ಸದ್ದು ಮಾಡುವ ಅಭಿಮಾನಿಗಳನ್ನು ನೋಡಿ ಎಲ್ಲರೂ ಹಾಗೇ ಅಂದುಕೊಳ್ಳಬೇಡಿ. ಬೆಳಿಗ್ಗೆ ಸ್ಟಾರ್ಟ್ ಆದರೆ ಸಾಕು ಅನ್ನುವವರ ಸದ್ದು ಯಾರಿಗೂ ಕೇಳಿಸುವುದಿಲ್ಲ.

ನಿಮ್ಮ ಗಾಡಿ ಕೈಕೊಡದ್ದರಿಂದ ನೀವು ಅದರ ಒಳಗನ್ನು ನೋಡುವ ಸಂದರ್ಭವೇ ಬಂದಿಲ್ಲ, ಅಷ್ಟೇ. ಪ್ರೀತಿ ಬೇಕು ಅನಿಸಿದರೆ ಗಾಡಿ ಕೆಡುವವರೆಗೆ ಕಾಯಬೇಕಾಗಿಲ್ಲ. ಮಾರುವ ಮುಂಚೆ ಒಂದು ಸಲ ಆಯಿಲ್ ನೀವೇ ಬದಲಿಸಿ. ಚೈನ್ ತೊಳೆದು ಲ್ಯೂಬ್ ಹಾಕಿ, ಟೆನ್ಷನ್ ನೋಡಿ. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಸ್ಪ್ಯಾನರ್ ಮಾತ್ರ ನಿಮ್ಮ ಕೈಯಲ್ಲಿರಲಿ. ಇಷ್ಟು ಮಾಡಿದ ಮೇಲೆ ಮಾರಬೇಕು ಅನಿಸದೆಯೂ ಹೋಗಬಹುದು.

ಆಮೇಲೂ ಕೊಳ್ಳುವುದೇ ಸರಿ ಅನಿಸಿದರೆ, ಮೊದಲು ಗಾಡಿ ನೋಡಿ, ಕೊನೆಗೆ ಕಂಪನಿ ನೋಡಿ. ಷೋರೂಂ ಮುಂದೆ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಕನಿಷ್ಠ ಒಂದು ಗಂಟೆ ಓಡಿಸಲು ಕೊಡಿ ಅಂತ ಪಟ್ಟು ಹಿಡಿಯಿರಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಧಾನದ ದಟ್ಟಣೆಯಲ್ಲಿ ಕ್ಲಚ್ ಹೇಗಿದೆ, ಶಾಖ ತೊಡೆಗೆ ಹೊಡೆಯುತ್ತಾ, ಅರ್ಧ ಗಂಟೆಯ ಮೇಲೆ ಮಣಿಕಟ್ಟು ನೋಯುತ್ತಾ ನೋಡಿ. ಅಣ್ಣನ ಬೈಕನ್ನೂ ಒಂದು ದಿನ ಪೂರ್ತಿ ಓಡಿಸಿ. ಆ ಮಿಡಿತ ನಿಮಗೆ ಹಿಡಿಸುತ್ತಾ ಇಲ್ಲವಾ ಅನ್ನುವುದು ಅಣ್ಣನ ಮಾತಿನಿಂದ ಗೊತ್ತಾಗುವುದಿಲ್ಲ.

ಕಂಪನಿಯ ಹೆಸರು ಲೆಕ್ಕಕ್ಕೆ ಬರುವುದು ಗಾಡಿ ಹಳೆಯದಾದ ಮೇಲೆ. 2024ರ ನವೆಂಬರ್‌ನಲ್ಲಿ ಕೆಟಿಎಂನಂಥ ಹೆಸರುವಾಸಿ ಕಂಪನಿಯೇ ಸಾಲ ತೀರಿಸಲಾಗದೆ ಆಸ್ಟ್ರಿಯಾದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತು. 2025ರಲ್ಲಿ ಬಜಾಜ್ ಅದನ್ನು ಕೈಗೆತ್ತಿಕೊಂಡಿತು. ಇಂಥ ಹೊತ್ತಿನಲ್ಲಿ ಮಾಲೀಕನಿಗೆ ಬೇಕಾಗುವುದು ಒಂದೇ ಉತ್ತರ, ನನ್ನ ಗಾಡಿಗೆ ಪಾರ್ಟ್ ಸಿಗುತ್ತಾ? ಹಾಗಾಗಿ ನಿಮಗೆ ಹಿಡಿಸಿದ ಮಾಡೆಲ್ಲಿನ ಐದಾರು ವರ್ಷ ಹಳೆಯ ಬೈಕ್ ಇಟ್ಟುಕೊಂಡಿರುವ ಒಬ್ಬರನ್ನು ಹುಡುಕಿ. ಗಾಡಿ ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. ಕೊನೇ ಸಲ ಕೆಟ್ಟದ್ದು ಏನು, ಸರಿಯಾಗಲು ಎಷ್ಟು ದಿನ ಹಿಡಿಯಿತು, ಕಂಪನಿಯವರು ಏನಂದರು ಅಂತ ಕೇಳಿ. ಆಮೇಲೆ ಷೋರೂಮಿನ ಸೇಲ್ಸ್‌ನವರನ್ನು ಬಿಟ್ಟು ಹಿಂದಿನ ಪಾರ್ಟ್ಸ್ ಕೌಂಟರಿಗೆ ಹೋಗಿ. ಅದೇ ಕಂಪನಿಯ ಹತ್ತು ವರ್ಷ ಹಳೆಯ ಮಾಡೆಲ್ ಒಂದರ ಹೆಸರು ಹೇಳಿ, ಕ್ಲಚ್ ಪ್ಲೇಟು, ಹೆಡ್ ಗ್ಯಾಸ್ಕೆಟ್, ಸ್ಪೀಡೋಮೀಟರ್ ಮೂರೂ ಎಷ್ಟು ದಿನಕ್ಕೆ ಬರುತ್ತವೆ ಅಂತ ವಿಚಾರಿಸಿ. ಅಲ್ಲಿ ಕೂತವರು ನೋಡಿ ಸರಿಯಾದ ದಿನ ಹೇಳುವವರೆಗೆ ಅಡ್ವಾನ್ಸ್ ಕೊಡಬೇಡಿ.